ಮೂರನೆಯ ಸೀಟಿನ ಲೆಕ್ಕ



ಒಂದೇ ದುಡಿಮೆಯಿಂದ ಸಂಸಾರದ ಬಂಡಿ ಸಾಗದು ಎಂಬ ಮಾತು ನಮ್ಮ ಸೀಮೆಗೆ ಹೊಸದಲ್ಲ. ನಿಪ್ಪಾಣಿಯ ಎಷ್ಟೋ ಮನೆಗಳಲ್ಲಿ ತಾಯಂದಿರು ಅಡುಗೆ ಮುಗಿಸಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತಿ ಮಕ್ಕಳ ಶಾಲೆಯ ಖರ್ಚನ್ನು ಹೊಂದಿಸಿದ್ದಾರೆ. ರಾಯಬಾಗ, ಅಥಣಿ, ಚಿಕ್ಕೋಡಿಯ ರೈತನ ಮನೆಯಲ್ಲಿ ಕಬ್ಬಿನ ಬಿಲ್ಲು ಕೈಗೆ ಬರುವತನಕ ಎಮ್ಮೆಯ ಹಾಲೇ ಆಧಾರ. ಇದನ್ನೇ ನಮ್ಮ ಹಿರಿಯರು ಉಪಕಸುಬು ಎಂದು ಕರೆದರು. ಇಂದು ಆ ಮಾತು ಕಿವಿಗೆ ಬಿದ್ದೊಡನೆ ನಮ್ಮ ಯುವಕರ ಕಣ್ಣ ಮುಂದೆ ಬರುವುದು ಎಮ್ಮೆಯಲ್ಲ, ಮೊರವಲ್ಲ. ಬಾಡಿಗೆ ಗಾಡಿಯ ಕೀಲಿ.

ಬೆಂಗಳೂರು, ಪುಣೆಯಂಥ ನಗರಗಳಲ್ಲಿ ಈ ಕಸುಬು ಮೊಬೈಲಿನೊಳಗೆ ಸೇರಿಕೊಂಡಿದೆ. ಓಲಾ ಸಂಸ್ಥೆ 2010ರಲ್ಲಿ ಆರಂಭವಾಯಿತು. ಊಬರ್ 2013ರಲ್ಲಿ ಭಾರತಕ್ಕೆ ಬಂದಾಗ ಮೊದಲು ಕಾಲಿಟ್ಟದ್ದು ಬೆಂಗಳೂರಿನಲ್ಲಿ. ಹಗಲು ಕಾರ್ಖಾನೆಯಲ್ಲಿ ದುಡಿದು, ಸಂಜೆ ನಾಲ್ಕು ಗಂಟೆ ಬಾಡಿಗೆ ಹೊಡೆಯುವ ನಮ್ಮ ಕಡೆಯ ಹುಡುಗರು ಅಲ್ಲಿದ್ದಾರೆ. ನೀತಿ ಆಯೋಗವು 2022ರಲ್ಲಿ ಪ್ರಕಟಿಸಿದ ವರದಿಯಂತೆ, 2020–21ರಲ್ಲಿ ದೇಶದಲ್ಲಿ ಹೀಗೆ ಬಿಡಿಗೆಲಸ ಮಾಡುವ ‘ಗಿಗ್’ ಕಾರ್ಮಿಕರು 77 ಲಕ್ಷ. 2029–30ರ ಹೊತ್ತಿಗೆ ಈ ಸಂಖ್ಯೆ 2.35 ಕೋಟಿಯನ್ನು ಮುಟ್ಟಬಹುದೆಂದು ಅದೇ ವರದಿ ಅಂದಾಜು ಮಾಡಿದೆ. ಅವರೆಲ್ಲರೂ ಗಾಡಿ ಓಡಿಸುವವರಲ್ಲ. ಆದರೂ ಈ ಬಿಡಿಗೆಲಸಗಳಲ್ಲಿ ನಮ್ಮ ಮನೆಗಳಿಗೆ ಹೆಚ್ಚು ಪರಿಚಿತವಾದದ್ದು ಗಾಡಿಯೇ.

ಇನ್ನು ಗಾಡಿಯನ್ನು ಹಂಚಿಕೊಂಡು ಹೋಗುವುದನ್ನು ಯಾರೂ ನಮಗೆ ಕಲಿಸಬೇಕಾಗಿಲ್ಲ. ಬಸ್‌ ನಿಲ್ದಾಣದ ಮಗ್ಗುಲಲ್ಲಿ ನಿಂತ ಟಂಟಂ, ಕ್ರೂಸರ್‌ಗಳಲ್ಲಿ ಮೊಣಕಾಲಿಗೆ ಮೊಣಕಾಲು ತಗುಲಿಸಿಕೊಂಡು ಬೆಳೆದವರು ನಾವು. ಗಡಿಯಾಚೆಯವರು ಇದನ್ನು ‘ವಡಾಪ’ ಎನ್ನುತ್ತಾರೆ. ಮೊಬೈಲಿನ ನಕ್ಷೆಯಲ್ಲಿ ಬೆರಳಿಟ್ಟು ಕರೆಯುವ ಬದಲು ನಾವು ಗುರುತಿನವರಿಗೆ ಫೋನು ಮಾಡಿ, “ಅಣ್ಣಾ, ನಾಳೆ ಮುಂಜಾನೆ ಗಾಡಿ ಐತೇನ್ರಿ?” ಎಂದು ಕೇಳುತ್ತೇವೆ. ವ್ಯತ್ಯಾಸ ಇಷ್ಟೇ.

ಮಿರಜದ ದಾರಿ

ನಾನು ಚಿಕ್ಕೋಡಿಯ ಒಂದು ಔಷಧ ಅಂಗಡಿಯಲ್ಲಿ ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರವರೆಗೆ ಕೆಲಸ ಮಾಡುತ್ತೇನೆ. ಮಗಳು ನರ್ಸಿಂಗ್ ಓದಲು ಸೇರಿದ ವರ್ಷ ಸಂಬಳಕ್ಕೂ ಶುಲ್ಕಕ್ಕೂ ನಡುವೆ ದೊಡ್ಡ ಕಂದರ ಬಿತ್ತು. ಆಗ ಒಂದು ಹಳೆಯ ಡೀಸೆಲ್ ಕಾರನ್ನು ಕೊಂಡೆ. ಕೆಎ 23ರ ಹಳದಿ ಫಲಕದ ಗಾಡಿ. ವಾರಕ್ಕೆರಡು ಮುಂಜಾನೆ ಅದು ಮಿರಜಕ್ಕೆ ಹೋಗುತ್ತದೆ.

ಮಿರಜಕ್ಕೇ ಏಕೆಂದು ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಕೆನಡಾದಲ್ಲಿ ಜನಿಸಿದ ವೈದ್ಯ ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆಯನ್ನು ತೆರೆದರು. ಅದರ ಹಿಂದೆ ಒಂದೊಂದಾಗಿ ಆಸ್ಪತ್ರೆಗಳು ಬೆಳೆದು ಊರೇ ರೋಗಿಗಳ ತವರಾಯಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೆಳಗಾವಿ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು, ಮಿರಜ ಆಚೆ ಉಳಿಯಿತು. ಆದರೆ ಕಾಗವಾಡದವರಿಗೂ ಅಥಣಿಯವರಿಗೂ ರಾಯಬಾಗದವರಿಗೂ ಇಂದಿಗೂ ಬೆಳಗಾವಿಗಿಂತ ಮಿರಜವೇ ಹತ್ತಿರ. ಕಾಯಿಲೆ ಗಡಿಯನ್ನು ಕೇಳಿಕೊಂಡು ಬರುವುದಿಲ್ಲ.

ನನ್ನ ಗಾಡಿಯ ಕಾಯಂ ಪ್ರಯಾಣಿಕರು ಮೂವರು. ಮೂವರಿಗೂ ಮೂತ್ರಪಿಂಡ ಕೈಕೊಟ್ಟಿದೆ. ವಾರಕ್ಕೆರಡು ಬಾರಿ ಡಯಾಲಿಸಿಸ್ ಆಗಲೇಬೇಕು. ಚಿಕಿತ್ಸೆ ಆರಂಭವಾದದ್ದು ಮಿರಜದಲ್ಲಿ, ನಂಬಿದ ವೈದ್ಯರೂ ಅಲ್ಲಿಯವರೇ. ಒಬ್ಬರು ಕೃಷ್ಣೆಯ ದಂಡೆಯ ಹಳ್ಳಿಯ ಅಜ್ಜ. ಅವರೊಡನೆ ಮೊಮ್ಮಗ ಬರುತ್ತಾನೆ. ಇನ್ನೊಬ್ಬರು ಮನೆಯಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡು ಬದುಕು ನಡೆಸುವ ಅಕ್ಕ. ಮುಂದಿನ ಸೀಟಿನಲ್ಲಿ ಕೂರುತ್ತಿದ್ದವರು ನಿವೃತ್ತ ಮಾಸ್ತರರು. ಮುಂಜಾನೆ ನಾಲ್ಕೂವರೆಗೆ ಹೊರಟರೆ ಆರರೊಳಗೆ ಆಸ್ಪತ್ರೆಯ ಬಾಗಿಲು. ನಾಲ್ಕು ಗಂಟೆಯ ಚಿಕಿತ್ಸೆ ಮುಗಿಸಿ, ಬಸವಳಿದ ಆ ಜೀವಗಳನ್ನು ಮಧ್ಯಾಹ್ನದ ಹೊತ್ತಿಗೆ ಅವರವರ ಮನೆಗೆ ಮುಟ್ಟಿಸಬೇಕು. ಬಸ್ಸಿನಲ್ಲಿ ನಿಂತು ಬರುವ ತ್ರಾಣ ಅವರಿಗೆ ಆಗ ಇರುವುದಿಲ್ಲ. ಆದ್ದರಿಂದಲೇ ಮೂವರೂ ಕೂಡಿ ಗಾಡಿ ಗೊತ್ತು ಮಾಡಿದರು. ಹೋಗಿ ಬರಲು ₹ 1,800. ತಲೆಗೆ ₹ 600.

ಪುಸ್ತಕದ ಎಡಪುಟ

ಅಂಗಡಿಯಲ್ಲಿ ಬಿಲ್ಲು ಬರೆದು ರೂಢಿಯಾದ ಕೈ ಇದು. ಗಾಡಿ ಕೊಂಡ ದಿನವೇ ಒಂದು ನೂರುಪುಟದ ಪುಸ್ತಕ ತಂದೆ. ನಮ್ಮ ಕಡೆ ಬಾಡಿಗೆ ಹೊಡೆಯುವವರು ಸಾಮಾನ್ಯವಾಗಿ ಲೆಕ್ಕ ಹಾಕುವುದು ಹೀಗೆ: ಬಂದದ್ದು ₹ 1,800, ಡೀಸೆಲ್‌ಗೆ ಹೋದದ್ದು ₹ 560, ಉಳಿದದ್ದು ₹ 1,240. ಅರ್ಧ ದಿನಕ್ಕೆ ಸಾವಿರದ ಮೇಲೆ ಗಳಿಕೆ! ಕೇಳಲು ಎಷ್ಟು ಸೊಗಸು!

ಆದರೆ ಓದುಗರೇ, ಗಾಡಿಯು ಡೀಸೆಲನ್ನು ಮಾತ್ರ ತಿನ್ನುವುದಿಲ್ಲ. ಹೋಗಿ ಬರುವ ಸುಮಾರು 110 ಕಿಲೋಮೀಟರಿನಲ್ಲಿ ಟೈರು ಸವೆಯುತ್ತದೆ, ಎಂಜಿನ್ ಎಣ್ಣೆ ಕಪ್ಪಾಗುತ್ತದೆ, ಬ್ರೇಕು ತೆಳುವಾಗುತ್ತದೆ. ಕಿಲೋಮೀಟರಿಗೆ ಎರಡು ರೂಪಾಯಿಯಂತೆ ಅದಕ್ಕೆ ₹ 220. ಇಂದಲ್ಲ ನಾಳೆ ಈ ಗಾಡಿಯನ್ನು ಮಾರಿ ಬೇರೆಯದನ್ನು ಕೊಳ್ಳಬೇಕು; ಬೆಲೆಯ ಇಳಿತಕ್ಕೆ ಮತ್ತೊಂದು ₹ 220. ವಿಮೆ, ತೆರಿಗೆ, ಪರ್ಮಿಟ್ಟು, ನಾವು ‘ಪಾಸಿಂಗ್’ ಎನ್ನುವ ಫಿಟ್‌ನೆಸ್ ಪ್ರಮಾಣಪತ್ರ, ಇವೆಲ್ಲದರ ವರ್ಷದ ಖರ್ಚನ್ನು ಬಾಡಿಗೆಗಳಿಗೆ ಹಂಚಿದರೆ ಒಂದಕ್ಕೆ ₹ 300. ಎಲ್ಲ ಕೂಡಿದರೆ ₹ 1,300. ನಿಜವಾಗಿ ಕೈಗೆ ಉಳಿಯುವುದು ₹ 500. ಕಾಯುವ ಹೊತ್ತೂ ಸೇರಿ ಅದಕ್ಕೆ ಏಳು ಗಂಟೆ. ಅಂದರೆ ಗಂಟೆಗೆ ಎಪ್ಪತ್ತು ರೂಪಾಯಿ.

ಈ ಎಪ್ಪತ್ತು ರೂಪಾಯಿಯನ್ನು ಹೀಗಳೆಯಲು ನಾನು ಇದನ್ನು ಬರೆಯುತ್ತಿಲ್ಲ. ಮಗಳ ಶುಲ್ಕದ ಒಂದು ಕಂತು ಆ ಎಪ್ಪತ್ತುಗಳಿಂದಲೇ ತುಂಬಿದೆ. ಆದರೆ ₹ 1,240 ಗಳಿಸಿದೆನೆಂದು ಭಾವಿಸಿ ಅಷ್ಟನ್ನೂ ಖರ್ಚು ಮಾಡುವವನು, ಟೈರು ಸವೆದ ದಿನ ಸಾಲಕ್ಕೆ ಕೈ ಚಾಚುತ್ತಾನೆ. ತನ್ನ ಗಾಡಿಯನ್ನು ತಾನೇ ಸ್ವಲ್ಪ ಸ್ವಲ್ಪವಾಗಿ ಮಾರಿ ತಿನ್ನುತ್ತಿದ್ದೇನೆ ಎಂಬುದು ಅವನ ಅರಿವಿಗೆ ಬರುವುದೇ ಇಲ್ಲ.

ಖಾಲಿಯಾದ ಸೀಟು

ಒಂದು ಮಳೆಗಾಲದಲ್ಲಿ ಮಾಸ್ತರರು ತೀರಿಕೊಂಡರು. ಆ ವಾರ ಕೃಷ್ಣೆ ತುಂಬಿ ಹರಿಯುತ್ತಿದ್ದಳು. ಕಲ್ಲೋಳ–ಯಡೂರಿನಂಥ ಕೆಳಮಟ್ಟದ ಸೇತುವೆಗಳು ನೀರಿನಡಿ ಸೇರುವ ದಿನಗಳವು. ಮಣ್ಣಿಗೆ ಹೋಗಿ ಬಂದ ಮೂರನೆಯ ದಿನ ಮತ್ತೆ ಮಿರಜದ ಸರದಿ ಬಂತು. ಮುಂದಿನ ಸೀಟು ಖಾಲಿ. ಹೋಗುವಾಗ ಯಾರೂ ಮಾತಾಡಲಿಲ್ಲ. ಬರುವಾಗ ಹೊಲಿಗೆಯ ಅಕ್ಕ ಮೆಲ್ಲಗೆ ಹೇಳಿದರು: “ಅಣ್ಣಾ, ಇನ್ನ ಮ್ಯಾಲೆ ನಾ ವಾರಕ್ಕೊಮ್ಮೆ ಅಷ್ಟ ಬರ್ತೀನ್ರಿ.”

ಅವರು ಏಕೆ ಹಾಗೆಂದರು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ₹ 1,800ನ್ನು ಇಬ್ಬರು ಹಂಚಿಕೊಂಡರೆ ತಲೆಗೆ ₹ 900. ಒಂದು ರವಿಕೆ ಹೊಲಿದರೆ ಎಷ್ಟು ಸಿಗುತ್ತದೆಂದು ನನಗೆ ಗೊತ್ತು. ವಾರಕ್ಕೆರಡು ಬೇಕಾದ ಡಯಾಲಿಸಿಸನ್ನು ಒಂದಕ್ಕೆ ಇಳಿಸಿದರೆ ಮೈಯಲ್ಲಿ ನೀರು ನಿಂತು, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೆ ಅಪಾಯ ಎಂಬುದೂ ಔಷಧ ಅಂಗಡಿಯವನಾದ ನನಗೆ ಗೊತ್ತು. ಬಾಡಿಗೆಯ ಪ್ರಶ್ನೆಯಾಗಿ ತೋರಿದ್ದು ನಿಜಕ್ಕೂ ಒಂದು ಜೀವದ ಪ್ರಶ್ನೆಯಾಗಿತ್ತು.

ಆ ರಾತ್ರಿ ಪುಸ್ತಕವನ್ನು ತೆರೆದೆ. ₹ 1,300 ಎಂಬ ಅಂಕಿ ಅಲ್ಲಿ ನನ್ನನ್ನು ಕಾಯುತ್ತಿತ್ತು. ಅದಕ್ಕಿಂತ ಕೆಳಗೆ ಇಳಿದರೆ ನಾನು ಮಗಳ ಶುಲ್ಕದಿಂದ ತೆಗೆದು ಗಾಡಿಗೆ ಹಾಕಬೇಕು. ಅಲ್ಲಿಯವರೆಗೆ ಇಳಿದರೆ ನನ್ನ ಏಳು ಗಂಟೆ ಮಾತ್ರ ಹೋಗುತ್ತದೆ. ಮರುದಿನ ಇಬ್ಬರ ಮನೆಗೂ ತಿಳಿಸಿದೆ: “ಒಂದು ತಿಂಗಳು ತಲೆಗೆ ₹ 650 ಕೊಡಿರಿ. ಅಷ್ಟರೊಳಗ ಮೂರನೇವ್ರನ್ನ ಕೂಡೇ ಹುಡುಕೂಣು. ತಿಂಗಳಾದ ಮ್ಯಾಲೆ ಇದ ದರದಾಗ ನನಗ ನೀಗೂದಿಲ್ರಿ.”

ಕೊನೆಯ ಮಾತನ್ನು ಹೇಳುವಾಗ ನಾಲಿಗೆ ತಡವರಿಸಿತು. ಆದರೆ ಹೇಳಿದ್ದೇ ಒಳಿತಾಯಿತು. ಗಡುವು ತಿಳಿದಿದ್ದರಿಂದ ಅಜ್ಜನ ಮೊಮ್ಮಗ ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತವರನ್ನೆಲ್ಲ ವಿಚಾರಿಸಿದ. ನಾಲ್ಕನೆಯ ವಾರ ಕಾಗವಾಡದ ಕಡೆಯ ಒಬ್ಬ ತರುಣ ನಮ್ಮೊಡನೆ ಸೇರಿಕೊಂಡ. ಅದುವರೆಗೆ ಅವನು ಮೋಟಾರು ಸೈಕಲ್ಲಿನ ಹಿಂಬದಿಯಲ್ಲಿ ಕುಳಿತು ಬರುತ್ತಿದ್ದನಂತೆ. ದರ ಮತ್ತೆ ₹ 600ಕ್ಕೆ ಇಳಿಯಿತು. ಅಕ್ಕ ಒಂದು ಸರದಿಯನ್ನೂ ತಪ್ಪಿಸಲಿಲ್ಲ.

ಇದನ್ನು ನನ್ನ ದೊಡ್ಡಸ್ತಿಕೆಗಾಗಿ ಹೇಳುತ್ತಿಲ್ಲ. ಲೆಕ್ಕ ಗೊತ್ತಿಲ್ಲದ ಮನುಷ್ಯ ಇಂಥ ಸಮಯದಲ್ಲಿ ಎರಡರಲ್ಲಿ ಒಂದನ್ನು ಮಾಡುತ್ತಾನೆ. ನಷ್ಟವಾದೀತೆಂಬ ಅಂಜಿಕೆಯಿಂದ ಆಗುವುದಿಲ್ಲವೆನ್ನುತ್ತಾನೆ. ಇಲ್ಲವೇ ಕನಿಕರ ಉಕ್ಕಿ ಕೊಟ್ಟಷ್ಟು ಕೊಡಿರೆನ್ನುತ್ತಾನೆ, ಆರು ವಾರ ಕಳೆದು ಕೈ ಖಾಲಿಯಾದಾಗ ಫೋನು ಎತ್ತುವುದನ್ನೇ ನಿಲ್ಲಿಸುತ್ತಾನೆ. ಎರಡನೆಯದು ಮೊದಲನೆಯದಕ್ಕಿಂತ ಕ್ರೂರ. ಏಕೆಂದರೆ ಅಷ್ಟು ಹೊತ್ತಿಗೆ ರೋಗಿ ಅವನನ್ನು ನಂಬಿರುತ್ತಾನೆ. ಎಷ್ಟು ಕೊಡಬಲ್ಲೆನೆಂದು ತಿಳಿದವನ ಕನಿಕರ ಮಾತ್ರ ಬಾಳಿಕೆ ಬರುತ್ತದೆ.

ಲೆಕ್ಕ ಬೇರೊಂದು ಕಡೆಯೂ ನಮ್ಮನ್ನು ಕಾಯುತ್ತದೆ. 2025ರ ಫೆಬ್ರವರಿಯಲ್ಲಿ ಗಡಿಯ ಗದ್ದಲದಿಂದಾಗಿ ಎರಡೂ ರಾಜ್ಯಗಳ ಬಸ್ಸುಗಳ ಸಂಚಾರ ಕೆಲವು ದಿನ ಗಡಿಯಲ್ಲೇ ತಡೆಯಿತು. ಇಂಥ ದಿನಗಳಲ್ಲಿ ಬಾಡಿಗೆ ಗಾಡಿಯವನು ಬಾಯಿಗೆ ಬಂದ ದರ ಹೇಳಬಹುದು, ಕೊಡುವವರೂ ಕೊಡುತ್ತಾರೆ. ನಗರದ ಕಂಪನಿಗಳು ಬೇಡಿಕೆ ಹೆಚ್ಚಿದಾಗ ದರ ಏರಿಸುವುದನ್ನೇ ಒಂದು ನಿಯಮವನ್ನಾಗಿ ಮಾಡಿಕೊಂಡಿವೆ. ಮೂಲದರದ ಎರಡು ಪಟ್ಟಿನವರೆಗೆ ಏರಿಸಲು ಕೇಂದ್ರ ಸರ್ಕಾರದ 2025ರ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಆದರೆ ಬಸ್ಸು ನಿಂತ ದಿನ ಡೀಸೆಲಿನ ಬೆಲೆ ಎರಡು ಪಟ್ಟಾಗಲಿಲ್ಲ, ಟೈರು ಎರಡು ಪಟ್ಟು ಸವೆಯಲಿಲ್ಲ. ಹಾಗಿದ್ದ ಮೇಲೆ ಹೆಚ್ಚಿನ ಹಣ ಯಾವುದರ ಬೆಲೆ? ಎದುರಿಗೆ ನಿಂತವನ ಅಸಹಾಯಕತೆಯ ಬೆಲೆಯಲ್ಲವೇ? ಈ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇನೆ.

ಫಲಕದ ಬಣ್ಣ

“ಮನ್ಯಾಗ ಬಿಳಿ ಬೋರ್ಡಿನ ಗಾಡಿ ಸುಮ್ಮನ ನಿಂತೈತಿ, ಅದನ್ನ ಹೊಡದರ ಆಗೂದಿಲ್ಲೇನು?” ಎಂದು ಕೇಳುವವರು ಬಹಳ. ಬಾಡಿಗೆಗೆ ಓಡುವ ಗಾಡಿಗೆ ಪರ್ಮಿಟ್ಟು ಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಆರ್‌ಟಿಒ ಅಂಜಿಕೆಗಿಂತ ದೊಡ್ಡ ಕಾರಣವೊಂದಿದೆ. ಸ್ವಂತ ಬಳಕೆಯ ಕಾರಿನ ವಿಮೆಯಲ್ಲಿ, ಬಾಡಿಗೆಗೆ ಬಳಸಿದರೆ ರಕ್ಷಣೆಯಿಲ್ಲವೆಂದು ಷರತ್ತಿರುತ್ತದೆ. ಸಾವಿರ ಸಲ ಸುಖವಾಗಿ ಹೋಗಿ ಬಂದು, ಸಾವಿರದ ಒಂದನೆಯ ಸಲ ಅಪಘಾತವಾದರೆ ವಿಮಾ ಕಂಪನಿ ಆ ಷರತ್ತನ್ನು ಮುಂದಿಟ್ಟು ಕೈತೊಳೆದುಕೊಳ್ಳಬಹುದು. ಆಗ ಗಾಯಗೊಂಡ ಪ್ರಯಾಣಿಕನ ಮನೆಯವರು ಯಾರ ಬಾಗಿಲಿಗೆ ಬರಬೇಕು? ಹಳದಿ ಫಲಕವಿರುವುದು ಪೊಲೀಸರಿಗಾಗಿ ಅಲ್ಲ, ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಒರಗಿದವನಿಗಾಗಿ.

ಇನ್ನೂ ಕೆಲವು ವಿಷಯಗಳು ನಮ್ಮ ಮನೆಗಳಲ್ಲಿ ತಿಳಿದಿರಲಿ. ಕಾರು ಓಡಿಸುವ ಸಾಮಾನ್ಯ ಎಲ್‌ಎಂವಿ ಲೈಸೆನ್ಸ್ ಉಳ್ಳವರು 7,500 ಕಿಲೋ ತೂಕ ಮೀರದ ಬಾಡಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ. ಬಾಡಿಗೆ ಗಾಡಿಯ ಪಾಸಿಂಗ್‌ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಹಳೆಯ ಗಾಡಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮುನ್ನ ಈ ಖರ್ಚನ್ನು ನೆನೆಯಬೇಕು. ಕಾಗವಾಡದಿಂದ ಮಿರಜ ಕೂಗಳತೆಯಲ್ಲಿದ್ದರೂ ರಾಜ್ಯ ಬದಲಾಗುತ್ತದೆ. ಗಡಿ ದಾಟುವ ಪರ್ಮಿಟ್ಟು ಗಾಡಿಯಲ್ಲಿರಬೇಕು. ಮೂವರು ರೋಗಿಗಳು ಕೂಡಿ ಇಡೀ ಗಾಡಿಯನ್ನು ಗೊತ್ತು ಮಾಡುವುದು ಬೇರೆ. ಬಸ್‌ ನಿಲ್ದಾಣದಲ್ಲಿ ನಿಂತು ಸೀಟಿಗಿಷ್ಟೆಂದು ಕೂಗಿ ದಾರಿಯುದ್ದಕ್ಕೂ ಜನರನ್ನು ಹತ್ತಿಸುವುದು ಬೇರೆ. ಟ್ಯಾಕ್ಸಿಯ ಪರ್ಮಿಟ್ಟು ಮೊದಲನೆಯದಕ್ಕೆ ಮಾತ್ರ ಸಲ್ಲುತ್ತದೆ. ಆದ್ದರಿಂದಲೇ ಖಾಲಿ ಸೀಟಿಗೆ ದಾರಿಹೋಕರನ್ನು ಹತ್ತಿಸದೆ, ಮೂರನೆಯ ಜೊತೆಗಾರನನ್ನೇ ಹುಡುಕಿದ್ದು.

ನಗರದಲ್ಲಿರುವ ತಮ್ಮ

ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ. ಹಗಲು ಕಾರ್ಖಾನೆ, ಸಂಜೆ ಆ್ಯಪಿನ ಬಾಡಿಗೆ. ಅವನಿಗೆ ಪ್ರಯಾಣಿಕರನ್ನು ಹುಡುಕುವ ತಾಪತ್ರಯವಿಲ್ಲ, ಮೊಬೈಲೇ ಹುಡುಕಿಕೊಡುತ್ತದೆ. ಆದರೆ ದರ ಕಟ್ಟುವವನು ಅವನಲ್ಲ. ಒಮ್ಮೆ ಒಂದು ಕಂಪನಿ ಅವನ ಖಾತೆಯನ್ನು ನಾಲ್ಕು ದಿನ ಮುಚ್ಚಿತು. ಕಾರಣವನ್ನು ಹೇಳುವವರೂ ಇಲ್ಲ, ಕೇಳಿಸಿಕೊಳ್ಳುವವರೂ ಇಲ್ಲ. ಐದನೆಯ ದಿನ ತಾನಾಗಿ ತೆರೆಯಿತು. “ಅಣ್ಣಾ, ಜಗಳಾಡಾಕೂ ಒಂದು ಮಾರಿ ಬೇಕಲ್ಲ!” ಎಂದ.

ಇಂಥವರಿಗಾಗಿಯೇ ನಮ್ಮ ರಾಜ್ಯದಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ 2025ರಲ್ಲಿ ಬಂದಿದೆ. 2023ರಲ್ಲಿ ರಾಜಸ್ಥಾನ ಇಂಥ ಕಾಯ್ದೆಯನ್ನು ಮೊದಲು ಮಾಡಿತ್ತು. ನಮ್ಮ ಕಾಯ್ದೆಯಂತೆ, ಕಾರ್ಮಿಕನಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಕಂಪನಿಯು ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಸಾಮಾನ್ಯವಾಗಿ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ 14 ದಿನ ಮುಂಚಿತವಾಗಿ ಸೂಚನೆ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ಇದರ ಫಲ. ನಗರದಲ್ಲಿ ಆ್ಯಪಿಗೆ ಗಾಡಿ ಓಡಿಸುವ ಮಗನೋ ಅಳಿಯನೋ ನಿಮಗಿದ್ದರೆ, ಮುಂದಿನ ಸಲ ಫೋನು ಮಾಡಿದಾಗ “ಊಟ ಆತೇನು?” ಎಂದು ಕೇಳಿದ ಮೇಲೆ, “ನೋಂದಣಿ ಆತೇನು?” ಎಂದೂ ಕೇಳಿರಿ.

ಪುಸ್ತಕದ ಬಲಪುಟ

ನನ್ನ ಪುಸ್ತಕದ ಎಡಪುಟ ಹಣದ್ದು. ಬಲಪುಟವನ್ನು ಬರೆಯುವವಳು ನನ್ನ ಹೆಂಡತಿ. ಗಾಡಿ ಬಂದ ಮೊದಲ ವಾರವೇ, “ರೊಕ್ಕದ ಲೆಕ್ಕ ನೀವು ಬರೀರಿ, ನಿದ್ದಿ ಲೆಕ್ಕ ನಾ ಬರೀತೀನಿ” ಎಂದು ಪೆನ್ನನ್ನು ಕಸಿದುಕೊಂಡಳು. ರಾತ್ರಿ ಎಷ್ಟಕ್ಕೆ ಮಲಗಿದೆ, ಎಷ್ಟಕ್ಕೆ ಎದ್ದೆ, ಮಕ್ಕಳೊಡನೆ ಎಷ್ಟು ಹೊತ್ತು ಕುಳಿತೆ, ಎಲ್ಲವೂ ಅಲ್ಲಿದೆ. ಅಂಗಡಿ ಮುಚ್ಚಿ ಬಂದು, ಉಂಡು ಹತ್ತಕ್ಕೆ ಮಲಗಿ ನಾಲ್ಕಕ್ಕೆ ಎದ್ದರೆ ಆರು ಗಂಟೆ. ಅದಕ್ಕಿಂತ ಕಡಿಮೆಯಾದರೆ ಮರುದಿನ ಮಧ್ಯಾಹ್ನದವರೆಗೆ ಕೀಲಿ ಅವಳ ಸೆರಗಿನಲ್ಲಿ. ರೋಗಿಗಳ ದಿನವಾದರೆ ಪಕ್ಕದ ಓಣಿಯ ಗುರುತಿನ ಚಾಲಕನಿಗೆ ಹಿಂದಿನ ರಾತ್ರಿಯೇ ಫೋನು ಹೋಗುತ್ತದೆ. ಅಂದಿನ ಗಳಿಕೆ ಅವನದು.

ಇದನ್ನು ಕೇಳಿ ನಗಬೇಡಿರಿ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳು ಹೇಗಿರುತ್ತವೆಂದು ನಿಮಗೆ ಗೊತ್ತು. ಉಗಾರದ ಸಕ್ಕರೆ ಕಾರ್ಖಾನೆ ಮೊದಲಾಗಿ ಸುತ್ತಲಿನ ಕಾರ್ಖಾನೆಗಳ ಕಡೆಗೆ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಸಾಗುತ್ತವೆ. ಹಿಂದೆ ದೀಪವಿಲ್ಲ. ಕೆಲವಕ್ಕೆ ರೇಡಿಯಂ ಪಟ್ಟಿಯೂ ಇಲ್ಲ. ಚಳಿಗಾಲದ ಮಂಜಿನಲ್ಲಿ ಕಪ್ಪು ಗುಡ್ಡವೊಂದು ಒಮ್ಮೆಲೆ ಎದುರಿಗೆ ಬಂದಂತೆ ತೋರುತ್ತದೆ. ನಿದ್ದೆ ಬಿಟ್ಟವನ ಕಾಲು ಬ್ರೇಕನ್ನು ಮುಟ್ಟುವುದು ಅರೆಗಳಿಗೆ ತಡವಾದರೂ ಸಾಕು. ನನ್ನ ಹಿಂದೆ ಕುಳಿತವರು ಬದುಕಿಗಾಗಿಯೇ ವಾರಕ್ಕೆರಡು ಸಲ ಇಷ್ಟು ಕಷ್ಟಪಡುವವರು. ಅವರ ಬದುಕನ್ನು ದಾರಿಯಲ್ಲಿ ಕಳೆಯುವ ಅಧಿಕಾರ ನನಗಿಲ್ಲ.

ಬಲಪುಟದಿಂದಲೇ ನಮ್ಮ ಮನೆಯ ಕಟ್ಟಳೆಗಳು ಹುಟ್ಟಿದವು. ವಾರಕ್ಕೆ ಎರಡು ಮುಂಜಾನೆಯ ಬಾಡಿಗೆ, ಮೂರನೆಯದಕ್ಕೆ ಮನೆಯವರೆಲ್ಲರ ಒಪ್ಪಿಗೆ ಬೇಕು. ಭಾನುವಾರ ಗಾಡಿಗೂ ಬಿಡುವು. ಅಂಗಡಿಯ ಕೆಲಸ ಮುಗಿದ ಮೇಲೆ, ಯಾರದಾದರೂ ಜೀವದ ಪ್ರಶ್ನೆಯ ಹೊರತು, ಕೀಲಿಯನ್ನು ಮುಟ್ಟುವಂತಿಲ್ಲ. ಮಗಳ ಓದು ಮುಗಿದು ಅವಳಿಗೊಂದು ಕೆಲಸ ಸಿಕ್ಕಿದ ಮೇಲೆ ಈ ಉಪಕಸುಬು ಬೇಕೇ ಬೇಡವೇ ಎಂದು ಮತ್ತೆ ಕುಳಿತು ಮಾತಾಡಬೇಕು. ಉಪಕಸುಬು ಮನೆಗಾಗಿ ಹುಟ್ಟಿದ್ದು. ಅದಕ್ಕಾಗಿ ಮನೆಯನ್ನೇ ತೆರಬಾರದು.

ಓದುಗರೇ, ನಿಮ್ಮ ಮನೆಯಲ್ಲೂ ಯಾರಾದರೂ ಗಾಡಿ ಕೊಳ್ಳುವ ಆಲೋಚನೆಯಲ್ಲಿರಬಹುದು. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಒಂದು ಸಂಜೆ ಎಲ್ಲರೂ ಕೂಡಿ ಕುಳಿತುಕೊಳ್ಳಿರಿ. ಮೂವತ್ತು ರೂಪಾಯಿಯ ಒಂದು ನೋಟ್‌ಬುಕ್ ಸಾಕು. ಎಡಪುಟದಲ್ಲಿ ಡೀಸೆಲಿನ ಜೊತೆಗೆ ಟೈರನ್ನೂ ವಿಮೆಯನ್ನೂ ಗಾಡಿಯ ಮುಪ್ಪನ್ನೂ ಬರೆಯಿರಿ. ಬಲಪುಟವನ್ನು ಮನೆಯಲ್ಲಿ ನಿಮಗಾಗಿ ಕಾಯುವವರ ಕೈಗೆ ಕೊಡಿರಿ. ಎರಡೂ ಪುಟ ತುಂಬಿದ ಮೇಲೂ ಮನಸ್ಸು ಒಪ್ಪಿದರೆ ಧೈರ್ಯವಾಗಿ ಗಾಡಿ ಕೊಳ್ಳಿರಿ. ಇದು ಮರ್ಯಾದೆಯ ದುಡಿಮೆ. ಎಂದಾದರೊಮ್ಮೆ ನಿಮ್ಮ ಗಾಡಿಯಲ್ಲೂ ಒಂದು ಸೀಟು ಖಾಲಿಯಾದೀತು, ಯಾರೋ ಒಬ್ಬರು ತಲೆ ತಗ್ಗಿಸಿ ಮೆಲ್ಲಗೆ ದರ ಕೇಳಿಯಾರು. ಅಂದು ನೀವು ಎಷ್ಟು ಇಳಿಯಬಲ್ಲಿರೆಂಬುದು ಆ ಪುಸ್ತಕದಲ್ಲಿ ಮೊದಲೇ ಬರೆದಿರಲಿ.